ಮಾತಾಡುವ ನಾಯಿ ‘ಬಂದ’ನೋ, ‘ಬಂತೋ’?



ವಾರವೆಲ್ಲ ಮೈಕಿನ ಮುಂದೆ ಕೂತು ನಿಮ್ಮ ಜೊತೆ ಮಾತಾಡುವವನು ನಾನು. ಈ ಸಲ ಮೈಕಿಲ್ಲದೆ, ನಡುವೆ ಹಾಡೂ ಇಲ್ಲದೆ, ಬರೀ ಅಕ್ಷರದಲ್ಲಿ ಒಂದಿಷ್ಟು ಹರಟೆ ಹೊಡೆಯೋಣ ಅಂತ ಬಂದಿದ್ದೇನೆ. ವಿಷಯ ಅಂಥ ಗಂಭೀರದ್ದೇನಲ್ಲ. ಒಂದು ನಾಯಿ ಇದೆ. ಅದಕ್ಕೆ ಮಾತು ಬರುತ್ತದೆ. ಅದೂ ಅಚ್ಚ ಕನ್ನಡ. ಇಷ್ಟೇ!

ಭಾನುವಾರ ಬೆಳಿಗ್ಗೆ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ನಾವು ನಾಲ್ವರು ಸೇರುವುದು ವಾಡಿಕೆ. ಒಬ್ಬ ಧಾರವಾಡದವನು, ಒಬ್ಬ ಮೈಸೂರಿನವನು, ಒಬ್ಬಳು ಮಂಗಳೂರಿನವಳು, ನಾಲ್ಕನೆಯವನು ತುಮಕೂರು ಕಡೆಯ ನಾನು. ಇಡ್ಲಿ ಬರುವುದರೊಳಗೆ ಯಾರಾದರೊಬ್ಬರು ಒಂದು ತಲೆಹರಟೆ ಪ್ರಶ್ನೆ ಎಸೆಯುತ್ತಾರೆ. ಎರಡನೇ ಕಾಫಿ ಮುಗಿಯುವವರೆಗೆ ಅದರ ಮೇಲೆ ಜಗಳ. ಒಂದು ಭಾನುವಾರ ಧಾರವಾಡದ ಗೆಳೆಯ ಕೇಳಿದ: “ನಾಯಿಗೆ ಮಾತು ಬಂತಂತ ಇಟ್ಕೊಳ್ರಿ. ಆಗ ‘ನಾಯಿ ಬಂತು’ ಅನ್ನಬೇಕೋ, ‘ನಾಯಿ ಬಂದ’ ಅನ್ನಬೇಕೋ?”

ನಗು ಬಂತಲ್ಲವೆ? ನಮಗೂ ಬಂತು. ಆದರೆ ಅರ್ಧ ಗಂಟೆಯಾದರೂ ಉತ್ತರ ಬರಲಿಲ್ಲ. ಕನ್ನಡದಲ್ಲಿ ಬಿ.ಎ. ಮಾಡಿದವನು ಅಂತ ಎಲ್ಲರೂ ನನ್ನ ಮುಖ ನೋಡಿದರು. ನಾನು ಚಟ್ನಿ ನೋಡಿದೆ.

ಆ ನಾಯಿಯನ್ನು ಸದ್ಯಕ್ಕೆ ಹೊರಗೆ ಕಟ್ಟಿಹಾಕೋಣ. ಅದಕ್ಕೂ ಸುಲಭವಾದ ಒಂದೆರಡು ಜಗಳಗಳನ್ನು ಮೊದಲು ಮುಗಿಸಿಕೊಳ್ಳೋಣ.

ಬಸ್ಸಿಗೆ ಎರಡು ‘ಸ’, ಕಾರಿಗೆ ಒಂದೇ ‘ರ’

‘ಬಸ್’ ಅನ್ನುವ ಇಂಗ್ಲಿಷ್ ಪದ ನಮ್ಮ ಬಾಯಿಗೆ ಬಂದರೆ ‘ಬಸ್ಸು’ ಆಗುತ್ತದೆ. ಪೆನ್ನು, ಕಪ್ಪು, ಬಿಲ್ಲು, ಕೇಳಿದ್ದೀರಿ. ಹಾಗಾದರೆ ‘ಕಾರ್’ ಯಾಕೆ ‘ಕಾರ್ರು’ ಆಗಲಿಲ್ಲ? ‘ರೋಡ್’ ಯಾಕೆ ‘ರೋಡ್ಡು’ ಆಗಲಿಲ್ಲ? ಯಾವ ಮೇಷ್ಟರೂ ನಮಗೆ ಇದನ್ನು ಹೇಳಿಕೊಟ್ಟಿಲ್ಲ. ಆದರೂ ಮುಂಬಯಿಯಲ್ಲಿರಲಿ, ಚೆನ್ನೈಯಲ್ಲಿರಲಿ, ಕನ್ನಡದವರಾರೂ ಇದರಲ್ಲಿ ತಪ್ಪುವುದಿಲ್ಲ.

ಕಾರಣ ತೀರಾ ಹಳೆಯದು. ಹಳೆಗನ್ನಡದಲ್ಲಿ ಎಷ್ಟೋ ಪದಗಳು ವ್ಯಂಜನದಲ್ಲೇ ನಿಲ್ಲುತ್ತಿದ್ದವು: ಕಣ್, ಕಲ್, ಕಾಲ್, ನೀರ್. ಮುಂದೆ ಕನ್ನಡದ ಬಾಯಿಗೆ ಪದದ ಕೊನೆಯಲ್ಲಿ ಒಂದು ಸ್ವರ ಬೇಕೆನಿಸಿತು. ‘ಉ’ ಬಂದು ಕೂತಿತು. ಕೂರುವಾಗ ಒಂದು ನಿಯಮ ಪಾಲಿಸಿತು. ಹಿಂದಿನ ಸ್ವರ ಗಿಡ್ಡವಾಗಿದ್ದರೆ ವ್ಯಂಜನ ಇಮ್ಮಡಿ: ಕಣ್ಣು, ಕಲ್ಲು. ಉದ್ದವಾಗಿದ್ದರೆ ಒಂದೇ ಸಾಕು: ಕಾಲು, ನೀರು. ಈಗ ‘ಕಲ್ಲು’ ಪಕ್ಕ ‘ಬಿಲ್ಲು’ ಇಟ್ಟು ನೋಡಿ, ‘ಕಾಲು’ ಪಕ್ಕ ‘ಕಾರು’ ಇಟ್ಟು ನೋಡಿ. ಕಲ್ಲಿಗೆ ಅನ್ವಯಿಸಿದ ಕಾನೂನೇ ಹೋಟೆಲಿನ ಬಿಲ್ಲಿಗೂ ಅನ್ವಯಿಸಿದೆ.

ಎರಡು ವ್ಯಂಜನ ಮೊದಲೇ ಜೊತೆಯಾಗಿದ್ದರೆ ಇಮ್ಮಡಿಸುವ ಗೊಡವೆಯೇ ಇಲ್ಲ. ‘ಲಿಂಕ್’ ಸುಮ್ಮನೆ ‘ಲಿಂಕು’, ‘ಬೆಂಚ್’ ಸುಮ್ಮನೆ ‘ಬೆಂಚು’.

ನಮ್ಮ ಮೇಜಿನ ಜಗಳ ಹುಟ್ಟಿದ್ದು ‘ಆ್ಯಪ್’ನಿಂದ. ‘ಬ್ಯಾಗು’ ಥರ ‘ಆ್ಯಪು’ ಅನ್ನಬೇಕು ಅಂತ ನಾನು. ‘ಕಪ್ಪು’ ಥರ ‘ಆ್ಯಪ್ಪು’ ಅನ್ನಬೇಕು ಅಂತ ಮೈಸೂರಿನವನು. “ಆ ಸ್ವರ ಗಿಡ್ಡ ಗುರು!” “ಅಲ್ಲ, ಉದ್ದ!” ಹದಿನೈದು ನಿಮಿಷ ಇಬ್ಬರೂ ಬಾಯಿ ಅಗಲಿಸಿ ‘ಆ್ಯ, ಆ್ಯ’ ಅನ್ನುತ್ತಿದ್ದೆವು. ಪಕ್ಕದ ಮೇಜಿನ ಗುಜರಾತಿ ಅಜ್ಜ ನಮ್ಮಿಬ್ಬರಲ್ಲಿ ಯಾರಿಗೆ ಹಲ್ಲುನೋವು ಅಂತ ನೋಡುತ್ತಿದ್ದರು. ಆದರೆ ಗಮನಿಸಿ: ನಮ್ಮ ಜಗಳ ಸ್ವರ ಉದ್ದವೋ ಗಿಡ್ಡವೋ ಎಂಬುದರ ಮೇಲೆ. ನಿಯಮದ ಬಗ್ಗೆ ಇಬ್ಬರಿಗೂ ಅನುಮಾನವೇ ಇರಲಿಲ್ಲ.

ಊಟ-ಗೀಟ, ಚಹಾ-ಬಿಹಾ

ಎರಡನೆಯ ಜಗಳ ಇನ್ನೂ ರುಚಿಯಾದದ್ದು. ‘ಊಟ-ಗೀಟ ಆಯ್ತಾ?’ ‘ಪುಸ್ತಕ-ಗಿಸ್ತಕ ತಂದಿದ್ದೀಯಾ?’ ಅನ್ನುತ್ತೇವಲ್ಲ, ಆ ‘ಗೀಟ’, ‘ಗಿಸ್ತಕ’ ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಸಿಗಬೇಕಾಗಿಯೂ ಇಲ್ಲ, ಯಾಕೆಂದರೆ ಅದನ್ನು ತಯಾರಿಸುವ ಯಂತ್ರ ನಮ್ಮ ನಾಲಿಗೆಯಲ್ಲೇ ಇದೆ. ಮೊದಲ ಅಕ್ಷರ ತೆಗೆ, ‘ಗಿ’ ಹಾಕು. ಮೊದಲ ಸ್ವರ ಉದ್ದವಿದ್ದರೆ ‘ಗೀ’. ಊಟ-ಗೀಟ, ಕಾಫಿ-ಗೀಫಿ; ಬಸ್ಸು-ಗಿಸ್ಸು, ಮಳೆ-ಗಿಳೆ. ಇವತ್ತು ಬೆಳಿಗ್ಗೆ ಹುಟ್ಟಿದ ಪದವನ್ನು ಕೊಟ್ಟರೂ ಸಂಜೆಯೊಳಗೆ ಅದಕ್ಕೊಂದು ಜೋಡಿ ಸಿದ್ಧ: ರೀಲ್ಸು-ಗೀಲ್ಸು.

ಅರ್ಥ ‘ಮತ್ತು ಅಂಥದ್ದು’ ಅಂತ. ಜೊತೆಗೆ ಒಂಚೂರು ಉಡಾಫೆ. ‘ಮಂತ್ರಿ ಬಂದಿದ್ದರು’ ಅನ್ನುವುದು ಸುದ್ದಿ. ‘ಮಂತ್ರಿ-ಗಿಂತ್ರಿ ಬಂದಿದ್ದರು’ ಅಂದರೆ ಸುದ್ದಿಯ ಜೊತೆಗೆ ನಮ್ಮ ಅಭಿಪ್ರಾಯವೂ ಸೇರಿಹೋಯಿತು. ಆದ್ದರಿಂದಲೇ ಹಿರಿಯರ ಹೆಸರಿಗೆ ಈ ‘ಗಿ’ ಹಚ್ಚಲು ಯಾರೂ ಹೋಗುವುದಿಲ್ಲ.

ನಮ್ಮ ಕೇಳುಗರು ಬೇರೆ ಬೇರೆ ಊರಿನಲ್ಲಿ ಇರುವುದರಿಂದ ಒಂದು ಮಜಾ ಹೇಳುತ್ತೇನೆ. ಮುಂಬಯಿ, ಪುಣೆಯಲ್ಲಿರುವವರೇ, ನಿಮ್ಮ ಸುತ್ತಲಿನ ಮರಾಠಿಯಲ್ಲಿ ‘ಗಿ’ ಜಾಗಕ್ಕೆ ‘ಬಿ’: ಚಹಾ-ಬಿಹಾ, ಜೇವಣ-ಬಿವಣ. ಚೆನ್ನೈಯವರೇ, ತಮಿಳಿನಲ್ಲಿ ‘ಕಾಪಿ-ಕೀಪಿ’. ಹೈದರಾಬಾದಿನವರಿಗೆ ಕಷ್ಟವೇ ಇಲ್ಲ, ತೆಲುಗಿನಲ್ಲೂ ನಮ್ಮ ಹಾಗೆ ‘ಪುಸ್ತಕಂ-ಗಿಸ್ತಕಂ’. ದಿಲ್ಲಿಯಲ್ಲಿ ಹಿಂದಿಯವರು ವ್ಯಂಜನವನ್ನಷ್ಟೇ ಬದಲಿಸಿ ಸ್ವರವನ್ನು ಹಾಗೇ ಬಿಡುತ್ತಾರೆ: ಚಾಯ್-ವಾಯ್, ಖಾನಾ-ವಾನಾ. ಒಂದು ಮನೆಯ ಮಗು ಕಾಫಿಯ ಜೊತೆ ಏನು ಹೇಳುತ್ತದೆ ಅಂತ ಕಿವಿಗೊಟ್ಟರೆ ಸಾಕು, ಯಾವ ಊರಿನ ಗಾಳಿ ಮನೆಯೊಳಗೆ ಬಂದಿದೆ ಅಂತ ಗೊತ್ತಾಗುತ್ತದೆ.

ಈಗ ತಲೆಹರಟೆ ಪ್ರಶ್ನೆ, ಮಂಗಳೂರಿನ ಗೆಳತಿಯದ್ದು. “ಪದವೇ ‘ಗಿ’ಯಿಂದ ಶುರುವಾದರೆ ಎಂಥ ಮಾಡುವುದು ಮಾರಾಯ್ರೆ? ‘ಗಿಡ’ಕ್ಕೆ ‘ಗಿಡ-ಗಿಡ’ವಾ?”

ಮೇಜು ಸ್ತಬ್ಧ. ‘ಗಿರಾಕಿ-ಗಿರಾಕಿ’ ಅಂದರೆ ಇಬ್ಬರು ಗಿರಾಕಿಗಳು ಬಂದ ಹಾಗಾಯಿತು. ‘ಗಿಡ-ಪಡ’ ಅಂದ ಒಬ್ಬ. ‘ಗಿಡ-ಗಂಟೆ’ ಅಂತ ಇನ್ನೊಬ್ಬ ತಪ್ಪಿಸಿಕೊಂಡ. ಅದು ಬೇರೆಯೇ ಜೋಡುಪದ, ನಡೆಯುವುದಿಲ್ಲ ಅಂತ ಗೆಳತಿ ತಳ್ಳಿಹಾಕಿದಳು. ಕಡೆಗೆ ಧಾರವಾಡದವನು ಸಮಾಧಾನ ಹೇಳಿದ: “ಮರಾಠಿಯವರ ಪಾಡು ನೋಡ್ರಿ. ಅವರಿಗೆ ‘ಬಿಸ್ಕೀಟ’ದಾಗ ಇದs ತ್ರಾಸು. ನಾವು ಆರಾಮ ಬಿಸ್ಕೀಟು-ಗಿಸ್ಕೀಟು ತಿನ್ನಬಹುದು.” ಗಿಡದ ಸಮಸ್ಯೆ ಇನ್ನೂ ಹಾಗೇ ಇದೆ. ನಿಮ್ಮ ಮನೆಯಲ್ಲಿ ಏನನ್ನುತ್ತೀರಿ, ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ.

ಮಗಾ ಒಬ್ಬ, ಮಕ್ಳಾ ಇಬ್ಬರು

ಕಾಲೇಜು ಹುಡುಗರ ‘ಮಗಾ’, ‘ಗುರು’ಗಳಿಗೆ ವ್ಯಾಕರಣ ಎಲ್ಲಿಂದ ಬಂತು ಅಂತ ಹಿರಿಯ ಕೇಳುಗರು ಮೂಗು ಮುರಿಯಬಹುದು. ಇದೆ ಸ್ವಾಮಿ, ಇದೆ!

ಗೆಳೆಯ ಒಬ್ಬನಿದ್ದರೆ ‘ಬಾ ಮಗಾ’. ಮೂವರಿದ್ದರೆ? ‘ಬನ್ರೋ ಮಗಾಗಳಾ’ ಅಂತ ಯಾರೂ ಅನ್ನುವುದಿಲ್ಲ. ‘ಬನ್ರೋ ಮಕ್ಳಾ’ ಅನ್ನುತ್ತಾರೆ. ಮಗ ಪದದ ಬಹುವಚನ ‘ಮಕ್ಕಳು’ ಎಂಬ ಶಾಲೆಯ ಪಾಠ ಬೀದಿಯಲ್ಲೂ ಚಾಚೂ ತಪ್ಪದೆ ನಡೆಯುತ್ತಿದೆ.

‘ಗುರು’ ಇನ್ನೂ ವಿಚಿತ್ರ. ಪದ ಅತ್ಯಂತ ಗೌರವದ್ದು, ಆದರೆ ಗೆಳೆತನದ ‘ಗುರು’ವಿಗೆ ಏಕವಚನವೇ ಬೇಕು: ‘ಸ್ವಲ್ಪ ಸರ್ಕೋ ಗುರು’. ಅದನ್ನೇ ‘ಸ್ವಲ್ಪ ಸರ್ಕೊಳ್ಳಿ ಗುರುಗಳೇ’ ಅಂದು ನೋಡಿ. ಎದುರಿಗಿದ್ದವರು ಒಂದೋ ಮಠದ ಸ್ವಾಮಿಗಳು, ಇಲ್ಲವೋ ನೀವು ಅವರನ್ನು ಗೇಲಿ ಮಾಡುತ್ತಿದ್ದೀರಿ. ಸಂಜೆ ಪಾರ್ಕಿನಲ್ಲಿ ಅಪರಿಚಿತರ ಪಕ್ಕದ ಬೆಂಚಿನಲ್ಲಿ ಕೂರುವಾಗ ಯಾವುದನ್ನು ಬಳಸುತ್ತೀರಿ ಎಂಬುದರ ಮೇಲೆ ಬೆಂಚಿನಲ್ಲಿ ನಿಮಗೆ ಜಾಗ ಸಿಗುತ್ತದೋ ಇಲ್ಲವೋ ನಿರ್ಧಾರವಾಗುತ್ತದೆ.

ನಮ್ಮ ನಾಲ್ವರಲ್ಲಿ ಯಾರ ಕನ್ನಡ ಸರಿ ಎಂಬ ಜಗಳ ಮಾತ್ರ ಎಂದೂ ಮುಗಿದಿಲ್ಲ. ಅದು ಹೊಸ ಜಗಳವೂ ಅಲ್ಲ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ವೇ ಕನ್ನಡಂಗಳ್ ಎಂದು ಬಹುವಚನ ಹಾಕಿ ಕೈತೊಳೆದುಕೊಂಡಿದೆ. ದೇಸಿ ಬೇರೆ ಬೇರೆ ಇರುವುದರಿಂದ ಇವುಗಳಲ್ಲಿ ಇಷ್ಟೇ ದೋಷ ಅಂತ ಗೊತ್ತುಮಾಡಲು ಹೋದರೆ ವಾಸುಕಿಗೂ ಬೇಸರ ಬಂದೀತು ಎನ್ನುವುದು ಅದರ ಮಾತು. ವಾಸುಕಿಗೇ ಆಗದ್ದು ನಮ್ಮ ಮೈಸೂರಿನವನಿಗೆ ಆದೀತೆ?

ನಾಯಿಯ ಕಟ್ಟು ಬಿಚ್ಚೋಣ

ಬನ್ನಿ, ಈಗ ನಾಯಿಯ ಹತ್ತಿರ.

ಕನ್ನಡದಲ್ಲಿ ಮನುಷ್ಯರು, ದೇವರುಗಳಿಗೆ ಗಂಡು-ಹೆಣ್ಣಿನ ಭೇದ: ಬಂದನು, ಬಂದಳು. ಮಿಕ್ಕ ಪ್ರಾಣಿ, ವಸ್ತು ಎಲ್ಲ ‘ಬಂತು’. ಎಣಿಸುವಾಗಲೂ ಹೀಗೇ. ಮನುಷ್ಯರಾದರೆ ಇಬ್ಬರು, ಮೂವರು. ನಾಯಿ, ಕುರ್ಚಿಗಳಾದರೆ ಎರಡು, ಮೂರು. ತಮಿಳಿನಲ್ಲೂ ಹೆಚ್ಚುಕಡಿಮೆ ಇದೇ ಏರ್ಪಾಡು. ತೆಲುಗಿನಲ್ಲಿ ಒಂದು ತಿರುವು ಇದೆ: ‘ಅವಳು ಬಂದಳು’ ಎನ್ನುವುದಕ್ಕೂ ‘ಅದು ಬಂತು’ ಎನ್ನುವುದಕ್ಕೂ ಕ್ರಿಯಾಪದ ಒಂದೇ, ‘ವಚ್ಚಿಂದಿ’. ‘ಅವಳು’ ಎನ್ನಲು ಅಲ್ಲಿ ‘ಆಮೆ’ ಅನ್ನುತ್ತಾರೆ. ಹೊಸದಾಗಿ ಹೈದರಾಬಾದಿಗೆ ಹೋದ ಕನ್ನಡಿಗ ‘ಆಮೆ ವಚ್ಚಿಂದಿ’ ಅಂತ ಕೇಳಿ ಕಾಲಬುಡದಲ್ಲಿ ಹುಡುಕಿದರೆ ಅವನದೇನೂ ತಪ್ಪಿಲ್ಲ.

“ಮಾತು ಬಂದ ಮೇಲೆ ಅದು ಮನುಷ್ಯರ ಲೆಕ್ಕ, ‘ಬಂದ’ ಅನ್ನಬೇಕು” ಎಂಬುದು ಮೈಸೂರಿನವನ ವಾದ. ಗೆಳತಿ ಎರಡೇ ಏಟಿಗೆ ಅದನ್ನು ಕೆಡವಿದಳು. ಮೊದಲನೆಯದು, ಪಂಚತಂತ್ರದ ನರಿ ಪುಟಗಟ್ಟಲೆ ರಾಜನೀತಿ ಮಾತಾಡುತ್ತದೆ, ಆದರೂ ‘ನರಿ ಹೇಳಿತು’. ಎರಡನೆಯದು, ‘ಮಗು’. ಅದು ಮನುಷ್ಯರದ್ದೇ, ಮಾತು ಶುರುವಾದರೆ ನಿಲ್ಲಿಸುವುದಿಲ್ಲ, ಆದರೂ ‘ಮಗು ಮಾತಾಡಿತು’. ಹಾಗಾದರೆ ಮಾತು ಬಂದ ಮಾತ್ರಕ್ಕೆ ಬಡ್ತಿ ಸಿಗುವುದಿಲ್ಲ ಅಂತಾಯಿತು.

ಆದರೆ ಮನೆಯಲ್ಲಿ ನಾಯಿ ಸಾಕಿದವರನ್ನು ಕೇಳಿ. ‘ನಮ್ಮ ಟಾಮಿ ಊಟ ಬಿಟ್ಟಿದ್ದಾನೆ’ ಅನ್ನುತ್ತಾರೆ. ಅದಕ್ಕೆ ಮಾತೇನೂ ಬಂದಿಲ್ಲ, ಹೆಸರು ಬಂದಿದೆ. ಅದಕ್ಕಿಂತ ಹೆಚ್ಚಾಗಿ ಪ್ರೀತಿ ಬಂದಿದೆ. ಲಿಂಗ ಎನ್ನುವುದು ವಸ್ತುವಿಗೆ ಅಂಟಿಸಿದ ಚೀಟಿ ಅಂತ ನಾನು ಪರೀಕ್ಷೆಗಾಗಿ ಓದಿಕೊಂಡಿದ್ದೆ. ಕನ್ನಡದಲ್ಲಿ ಅದು ಎಷ್ಟೋ ಸಲ ಆಡುವವರ ಮನಸ್ಸಿನ ಅಳತೆ. ಸೂರ್ಯ ‘ಹುಟ್ಟಿದ’ ಅಂತಲೂ ಅನ್ನಬಹುದು, ‘ಹುಟ್ಟಿತು’ ಅಂತಲೂ ಅನ್ನಬಹುದು. ಶಾಲೆಯ ವ್ಯಾಕರಣದಲ್ಲಿ ಇದಕ್ಕೆ ‘ಪುನ್ನಪುಂಸಕ ಲಿಂಗ’ ಅಂತ ದೊಡ್ಡ ಹೆಸರೇ ಇದೆ. ಇವತ್ತು ಫೋನಿನಲ್ಲಿ ದಾರಿ ಹೇಳುವ ಹೆಣ್ಣುದನಿಯ ಬಗ್ಗೆಯೂ ಎರಡೂ ಕೇಳುತ್ತೇನೆ. ದಾರಿ ಸರಿಯಾಗಿದ್ದರೆ ‘ಎಡಕ್ಕೆ ತಿರುಗು ಅಂತಿದ್ದಾಳೆ’. ಗಲ್ಲಿಯೊಳಗೆ ಸಿಕ್ಕಿಹಾಕಿಸಿದರೆ ‘ಏನೇನೋ ಬಡ್ಕೊಳ್ತಿದೆ’!

ನಾಯಿಗೆ ಮಾತ್ರ ಈ ತಾಪತ್ರಯವೇ ಇಲ್ಲ. ಅದು ತನ್ನ ಬಗ್ಗೆ ‘ನಾನು ಬಂದೆ’ ಅನ್ನುತ್ತದೆ, ಮುಗಿಯಿತು. ಕನ್ನಡದ ‘ನಾನು’, ‘ನೀನು’ಗಳಲ್ಲಿ ಗಂಡು-ಹೆಣ್ಣು-ನಪುಂಸಕ ಯಾವುದೂ ಇಲ್ಲ. ಹಿಂದಿ ಕಲಿತ ನಾಯಿಯಾದರೆ ‘ಮೈಂ ಆಯಾ’ನೋ ‘ಮೈಂ ಆಯೀ’ಯೋ ಅಂತ ಬಾಯಿ ತೆರೆಯುವ ಮೊದಲೇ ತೀರ್ಮಾನಿಸಬೇಕು. ಮರಾಠಿ ನಾಯಿಗೂ ‘ಮೀ ಆಲೋ’, ‘ಮೀ ಆಲೇ’ ನಡುವೆ ಅದೇ ಕಷ್ಟ. ನಾಯಿಗಳಿಗೆ ಕಲಿಸುವುದಾದರೆ ಕನ್ನಡವೇ ಸುಲಭ ಅಂತ ನಮ್ಮ ಸಭೆ ಸರ್ವಾನುಮತದಿಂದ ಠರಾವು ಮಾಡಿತು.

ಇಂಥ ಪ್ರಶ್ನೆಗಳಿಗಾಗಿಯೇ ಕನ್ನಡದಲ್ಲಿ ಒಂದು ಪ್ರತ್ಯೇಕ ಕ್ರಿಯಾರೂಪ ಇದೆ. ‘ನಾಯಿ ಮಾತಾಡಿದರೆ ಏನು ಹೇಳೀತು?’ ಈ ‘ಹೇಳೀತು’, ‘ಬಂದೀತು’, ‘ಆದೀತು’ಗಳನ್ನು ಸಂಭಾವನಾರ್ಥಕ ಅನ್ನುತ್ತಾರೆ. ಆಗಿಲ್ಲ, ಆಗಿಯೇ ತೀರುತ್ತದೆ ಅಂತಲೂ ಇಲ್ಲ, ಆದರೆ ಆಗುವ ಸಾಧ್ಯತೆ ಇದೆ. ಮೂರಕ್ಷರದ ‘ಬಹುದು’ ಸೇರಿಸಿ ‘ಹೇಳಬಹುದು’ ಅಂತ ನಗರದ ನಾವು ಎಳೆಯುತ್ತೇವೆ. ಧಾರವಾಡದವನು ಇವತ್ತಿಗೂ ‘ಮಳಿ ಬಂದೀತು, ಛತ್ರಿ ತಗೋ’ ಅನ್ನುತ್ತಾನೆ. ನಾವೂ ಇದನ್ನು ಪೂರ್ತಿ ಬಿಟ್ಟಿಲ್ಲ. ಮಗು ಮಂಚ ಹತ್ತಿದಾಗ ಎಲ್ಲ ಅಮ್ಮಂದಿರ ಬಾಯಲ್ಲೂ ಬರುವುದು ಇದೇ: ‘ಬಿದ್ದೀಯ, ಹುಷಾರು!’

ಬಸ್ಸು ‘ಬಂದಳು’

ಇಷ್ಟೆಲ್ಲ ನಗುನಗುತ್ತ ಹೇಳಿದೆ. ನಗು ಬಾರದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅದರಲ್ಲಿ ನನ್ನ ತಪ್ಪಿದೆ.

ಒಂದು ದೀಪಾವಳಿಗೆ ಧಾರವಾಡದ ಗೆಳೆಯನ ಮನೆಯಲ್ಲಿ ಸೇರಿದ್ದೆವು. ಅವನ ಮಗಳಿಗೆ ಆಗ ಎಂಟು ವರ್ಷ. ಹುಟ್ಟಿದ್ದು, ಬೆಳೆದದ್ದು ಮುಂಬಯಿಯಲ್ಲೇ. ಶಾಲೆಯಲ್ಲಿ ಇಂಗ್ಲಿಷು, ಮರಾಠಿ, ಹಿಂದಿ. ಕನ್ನಡ ಮನೆಯಲ್ಲಿ ಮಾತ್ರ. ಯಾಕೆ ತಡವಾಯಿತು ಅಂತ ಅಪ್ಪ ಕೇಳಿದ್ದಕ್ಕೆ ಹುಡುಗಿ, “ಬಸ್ಸು ಲೇಟ್ ಬಂದ್ಲು ಪಪ್ಪಾ” ಅಂದಳು. ಎಲ್ಲರೂ ಘೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. “ಬಸ್ಸು ಸೀರೆ ಉಟ್ಕೊಂಡಿದ್ದಳಾ?” ಅಂತ ಬೇರೆ ಕೇಳಿದೆ.

ಆಮೇಲೆ ಆ ಹುಡುಗಿ ಕನ್ನಡದಲ್ಲಿ ಮಾತಾಡಲಿಲ್ಲ. ಅವತ್ತಷ್ಟೇ ಅಲ್ಲ, ತಿಂಗಳುಗಟ್ಟಲೆ. ಅಪ್ಪ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಊರಿನಿಂದ ಅಜ್ಜಿ ಫೋನ್ ಮಾಡಿದರೆ ‘ಹೂಂ’ ಮತ್ತು ‘ಇಲ್ಲ’. “ಅಕಿಗೆ ನನ್ನ ಮ್ಯಾಲೆ ಸಿಟ್ಟೇನೋ” ಅಂತ ಅಜ್ಜಿ ಮಗನನ್ನು ಕೇಳಿದರಂತೆ. ಗೆಳೆಯ ಇದನ್ನು ನನಗೆ ಹೇಳಿದಾಗ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ ಯೋಚಿಸಿದೆ. ಹುಡುಗಿ ಬಾಯಿಗೆ ಬಂದದ್ದು ಆಡಿರಲಿಲ್ಲ. ಹಿಂದಿಯಲ್ಲಿ ಬಸ್ಸು ಸ್ತ್ರೀಲಿಂಗ: ‘ಬಸ್ ಆಯೀ’. ಮರಾಠಿಯಲ್ಲೂ ಹಾಗೇ: ‘ಬಸ್ ಆಲೀ’. ದಿನವಿಡೀ ಎರಡು ಭಾಷೆಗಳು ಬಸ್ಸನ್ನು ಹೆಣ್ಣು ಅಂತ ಅವಳಿಗೆ ಹೇಳಿಕೊಟ್ಟಿದ್ದವು. ಅವಳು ಆ ನಿಯಮವನ್ನು ನಿಷ್ಠೆಯಿಂದ ಕನ್ನಡಕ್ಕೆ ತಂದಿದ್ದಳು, ‘ಬಂದ್ಲು’ ಎಂಬ ರೂಪವನ್ನು ಒಂದಿಷ್ಟೂ ಕೆಡಿಸದೆ. ಇಂಗ್ಲಿಷಿನ ಬಸ್ಸಿಗೆ ‘ಉ’ ಹಚ್ಚಿದ ನಮ್ಮನ್ನು ಯಾರೂ ನಗಲಿಲ್ಲ. ಅವಳನ್ನು ನಾವು ನಕ್ಕೆವು.

ಪರಊರಿನಲ್ಲಿರುವ ನಮ್ಮ ಮಕ್ಕಳಿಗೆ ಕನ್ನಡದ ಪೀರಿಯಡ್ಡು ಇಲ್ಲ, ಪರೀಕ್ಷೆ ಇಲ್ಲ, ಅಂಗಡಿಯ ಬೋರ್ಡು ಇಲ್ಲ. ಇರುವುದು ನಮ್ಮ ಹರಟೆ ಮಾತ್ರ. ಅಲ್ಲಿಂದಲೂ ಎದ್ದುಹೋದರೆ ಮತ್ತೆ ಕರೆದು ಕೂರಿಸಲು ಬೇರೆ ಜಾಗ ಎಲ್ಲಿದೆ? ಹರಟೆಯಲ್ಲಿ ಪದವನ್ನು ಎಷ್ಟು ಬೇಕಾದರೂ ಎಳೆದಾಡಿ, ನಿಯಮವನ್ನು ಗೇಲಿ ಮಾಡಿ, ಗೆಳೆಯನ ಊರಿನ ಕನ್ನಡಕ್ಕೆ ಕಾಲೆಳೆಯಿರಿ. ಅವನು ತಿರುಗಿ ಎಳೆಯಬಲ್ಲ. ತಿರುಗಿ ಎಳೆಯಲಾರದವರ ಕಾಲು ಮಾತ್ರ ಬೇಡ.

ಮುಂದಿನ ಯುಗಾದಿಗೆ ಹೋಗಿ ಅವಳ ಎದುರು ಕೂತೆ. “ಅವತ್ತು ನಾನು ನಕ್ಕಿದ್ದು ತಪ್ಪಾಯ್ತಮ್ಮ” ಅಂದೆ. ಅವಳು ಟಿ.ವಿ. ನೋಡುತ್ತಿದ್ದಳು. “ನಮಗೆ ಒಂದು ಜಗಳ ಬಗೆಹರೀತಿಲ್ಲ, ನೀನೇ ಹೇಳಬೇಕು” ಅಂತ ನಾಯಿಯ ಕಥೆ ಹೇಳಿದೆ. ಮಾತಾಡುವ ನಾಯಿ ಬಂದನೋ, ಬಂತೋ? ನಿಮ್ಮಪ್ಪ ಒಂದು ಹೇಳುತ್ತಾನೆ, ಮೈಸೂರಿನ ಕಾಕಾ ಇನ್ನೊಂದು ಹೇಳುತ್ತಾರೆ.

ಹುಡುಗಿ ಟಿ.ವಿ.ಯಿಂದ ಕಣ್ಣು ತೆಗೆಯದೆ ಒಂದು ನಿಮಿಷ ಸುಮ್ಮನಿದ್ದಳು. ಆಮೇಲೆ ನಮ್ಮಂಥ ದಡ್ಡರನ್ನು ಕಂಡಿಲ್ಲ ಎನ್ನುವ ಹಾಗೆ ತಿರುಗಿ ಹೇಳಿದಳು:

“ಅದಕ್ಕ ಮಾತ್ ಬರ್ತದಲ್ಲ ಕಾಕಾ, ಅದಕ್ಕs ಕೇಳ್ರಿ!”

ಅವಳಪ್ಪ ಅಡುಗೆಮನೆಯಿಂದಲೇ ಕೂಗಿದ: “ಕೇಳಿದ್ಯಾ? ‘ಅದಕ್ಕ’ ಅಂದ್ಲು! ಅವಗ ಅನ್ನಲಿಲ್ಲ! ಹಂಗಾರ ನಾಯಿ ‘ಬಂತು’!” ಈ ಸಲ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳು.

ಇವತ್ತು ರಾತ್ರಿ ಊಟ-ಗೀಟ ಮಾಡುವಾಗ ನಿಮ್ಮ ಮನೆಯಲ್ಲೂ ಇದನ್ನು ಕೇಳಿ ನೋಡಿ, ಕೇಳುಗರೇ. ಚಿಕ್ಕವರಿಗೆ ಮೊದಲ ಅವಕಾಶ ಕೊಡಿ. ಗಿಡದ ಜೋಡಿಪದ ಏನು ಅಂತ ಗೊತ್ತಾದರೆ ನಮಗೂ ಒಂದು ಸಾಲು ಬರೆದು ಕಳಿಸಿ, ಮಂಗಳೂರಿನ ಗೆಳತಿ ಇನ್ನೂ ಕಾಯುತ್ತಿದ್ದಾಳೆ. ಮತ್ತೆ ಮೈಕಿನಲ್ಲಿ ಸಿಗೋಣ. ಅಲ್ಲಿಯವರೆಗೆ ಶುಭವಾಗಲಿ.